'24' ಸೀರೀಸ್‌ನಲ್ಲಿ ಜಾಕ್ ಬಾಯರ್ ಊರಿನ ಈ ತುದಿಯಿಂದ ಆ ತುದಿಗೆ ಅಷ್ಟು ಬೇಗ ಹೇಗೆ ಹೋಗ್ತಾನೆ?

ಜಾಹೀರಾತಿನ ಹೊತ್ತಿನಲ್ಲಿ. ತಮಾಷೆ ಅಲ್ಲ!

2001ರಲ್ಲಿ ಶುರುವಾದ ಈ ಅಮೆರಿಕನ್ ಥ್ರಿಲ್ಲರ್ ಸೀರೀಸ್‌ನ ಹೀರೋ ಜಾಕ್, ಭಯೋತ್ಪಾದಕರ ಬೆನ್ನು ಹತ್ತುವ ಏಜೆಂಟ್. ಇದರಲ್ಲಿ ಒಂದು ಎಪಿಸೋಡ್ ಅಂದ್ರೆ ಕಥೆಯ ಒಂದು ಗಂಟೆ. ಆದರೆ ನಾವು ನೋಡೋದು ಸುಮಾರು 43 ನಿಮಿಷ ಮಾತ್ರ. ಟಿವಿಯಲ್ಲಿ ಜಾಹೀರಾತು ಬರುವಾಗಲೂ ಕಥೆಯ ಗಡಿಯಾರ ಓಡುತ್ತಲೇ ಇರುತ್ತದೆ. ಜಾಕ್ ಜಾಸ್ತಿ ದೂರ ಕಾರು ಓಡಿಸೋದು ನಮ್ಮ ಕಣ್ಣಿಗೆ ಬೀಳದ ಆ ನಿಮಿಷಗಳಲ್ಲೇ. ಈಗ ಜಾಹೀರಾತಿಲ್ಲದೆ ನೋಡಿ, ಪರದೆಯ ಮೇಲಿನ ಗಡಿಯಾರ ಒಮ್ಮೆಲೇ ಕೆಲವು ನಿಮಿಷ ಮುಂದೆ ಜಿಗಿಯುತ್ತದೆ. ಧಾರವಾಡದ ನಮ್ಮ ರೂಮಿನಲ್ಲಿ ಗೆಳೆಯನೊಬ್ಬ ಇದನ್ನ ಹಿಡಿಯೋಕೆ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೂತಿದ್ದ. ತಟ್ಟೆಯಲ್ಲಿದ್ದ ಗಿರ್ಮಿಟ್ ಮೆತ್ತಗಾದರೂ ಕೈ ಹಾಕಲಿಲ್ಲ.

ಅಷ್ಟಾದರೂ ಲೆಕ್ಕ ಪೂರ್ತಿ ಕೂಡಲ್ಲ ಬಿಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ತನ್ನದೇ ದಾರಿ ಇರುವ ಚಿಗರಿ ಬಸ್ಸಿಗೂ ಅರ್ಧ ಗಂಟೆಯ ಮೇಲೇ ಬೇಕು. ಜಾಕ್ ಹೆಚ್ಚಾಗಿ ಓಡಾಡೋದು ಲಾಸ್ ಏಂಜಲೀಸ್ ಟ್ರಾಫಿಕ್‌ನಲ್ಲಿ, ಅಲ್ವಾ? ಅಲ್ಲಿ ಕಥೆ ಬರೆದವರು ಸುಮ್ನೆ ಕಣ್ಣು ಮುಚ್ಚಿಕೊಂಡಿದ್ದಾರೆ.