ಒಂದು ದಿನಕ್ಕೆಂದು ಬಂದ ಬಾಡಿಗೆ ಅಮ್ಮ

ದುಡ್ಡು ಕೊಟ್ಟು ಅಮ್ಮನ ಪಾತ್ರಕ್ಕೆ ಒಬ್ಬರನ್ನು ಕರೆಸಿಕೊಂಡ ಪ್ರಕರಣ ಟೋಕಿಯೊದಲ್ಲಿ ಆಪ್ತಸಲಹೆ ಮಾಡುವ ನನ್ನ ಹತ್ತಿರ ಬಂದಿದ್ದು ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೂವತ್ತು ದಾಟಿದ ಜಪಾನಿ ಹೆಣ್ಣುಮಗಳು. ಅಪ್ಪ ಬೇಗ ತೀರಿಕೊಂಡಿದ್ದರು. ಅಮ್ಮ ಕುಡಿಯುತ್ತಿದ್ದರು, ಹೊಡೆಯುತ್ತಿದ್ದರು. ಹದಿನೆಂಟಕ್ಕೆ ಮನೆ ಬಿಟ್ಟವರು ಮತ್ತೆ ಆ ಕಡೆ ತಲೆ ಹಾಕಿಲ್ಲ. ಮದುವೆ ಗೊತ್ತಾದಾಗ ಹುಡುಗನಿಗೆ "ಅಮ್ಮ ದೂರದ ಊರಲ್ಲಿದ್ದಾರೆ, ಆರೋಗ್ಯ ಸರಿಯಿಲ್ಲ" ಅಂತಷ್ಟೇ ಹೇಳಿದ್ದರು.

ಇಲ್ಲಿನ ಆರತಕ್ಷತೆ ನೋಡದವರಿಗೆ ಮುಂದಿನದು ಅರ್ಥವಾಗುವುದು ಕಷ್ಟ. ಯಾರು ಎಲ್ಲಿ ಕೂರಬೇಕು, ಅವರು ವಧುವಿಗೆ ಏನಾಗಬೇಕು ಅಂತ ಅಚ್ಚು ಹಾಕಿಸಿದ ಹಾಳೆ ಅತಿಥಿಗಳ ಕೈಯಲ್ಲಿರುತ್ತದೆ. ಕೊನೆಗೆ ವಧು ಎದ್ದು ನಿಂತು, ಹೆತ್ತವರಿಗೆ ಬರೆದ ಕಾಗದವನ್ನು ಎಲ್ಲರೆದುರು ಓದುತ್ತಾಳೆ. ಅಮ್ಮನ ಕುರ್ಚಿ ಖಾಲಿ ಇದ್ದರೆ ಮುಚ್ಚಿಡಲು ಆಗುವುದಿಲ್ಲ. ಇದಕ್ಕೆ ಇಲ್ಲಿ 'ಸೆಕೆಂತೇ' ಅನ್ನುತ್ತಾರೆ. ನಮ್ಮ 'ನಾಲ್ಕು ಜನ ಏನಂತಾರೆ' ಇದೆಯಲ್ಲ, ಅದೇ.

ಬಾಡಿಗೆಗೆ ಮನೆಯವರನ್ನು ಕಳಿಸುವ ಕಂಪನಿಗಳು ಜಪಾನಿನಲ್ಲಿ 1990ರ ದಶಕದ ಶುರುವಿನಿಂದಲೂ ಇವೆ. ಮೊದಲು ಒಂಟಿ ಮುದುಕರ ಮನೆಗೆ ಮಗ, ಸೊಸೆ, ಮೊಮ್ಮಗು ಆಗಿ ಹೋಗುತ್ತಿದ್ದರು. ಆಮೇಲೆ ಮದುವೆಗೆ ನೆಂಟರಾಗಿ, ಗೆಳೆಯರಾಗಿ ಹೋಗುವ 'ದೈರಿ ಶುಸ್ಸೆಕಿ', ಅಂದರೆ ಬದಲಿ ಹಾಜರಿ, ಸೇರಿಕೊಂಡಿತು. ಇವರೂ ಒಬ್ಬ ಅಮ್ಮನನ್ನು ಕರೆಸಿದರು. ಹೆಸರು, ಊರು, ಕಾಯಿಲೆ ಎಲ್ಲ ಮೂರು ಪುಟ ಬರೆದುಕೊಟ್ಟರು. ಹೆಸರು ಮಾತ್ರ ನಿಜವಾದ ಅಮ್ಮನದೇ ಇರಬೇಕಿತ್ತು, ಯಾಕೆಂದರೆ ಮದುವೆ ನೋಂದಣಿಯಾದಾಗ ಕೊಸೆಕಿಯಲ್ಲಿ, ಅಂದರೆ ಸರಕಾರದ ಕುಟುಂಬ ದಾಖಲೆಯಲ್ಲಿ, ಇಬ್ಬರ ಅಪ್ಪ ಅಮ್ಮನ ಹೆಸರೂ ಬರುತ್ತದೆ.

ಒಂದೇ ದಿನ ಅಂದುಕೊಂಡಿದ್ದರು. ಮಗು ಹುಟ್ಟಿತು. ನೂರನೇ ದಿನಕ್ಕೆ ಮಗುವಿನ ಬಾಯಿಗೆ ಅನ್ನ ತೋರಿಸುವ ಒಕುಯಿಝೊಮೆಗೆ ಬೀಗಿತ್ತಿ ಬರಲಿ ಅಂದರು ಅತ್ತೆ. ಹೀಗೆ ನಾಲ್ಕು ವರ್ಷದಲ್ಲಿ ಆರು ಸಲ.

ಅಷ್ಟರಲ್ಲಿ ಒಂದು ಕಾಗದ ಬಂತು. ಹೆತ್ತ ಅಮ್ಮ ಸರಕಾರದ ಜೀವನ ನೆರವಿಗೆ ಅರ್ಜಿ ಹಾಕಿದ್ದರು. ಹತ್ತಿರದ ರಕ್ತಸಂಬಂಧಿಗಳಿಗೆ "ನೀವು ಏನಾದರೂ ಸಹಾಯ ಮಾಡಬಲ್ಲಿರಾ" ಅಂತ ಕಲ್ಯಾಣ ಕಚೇರಿ ಕೇಳುವ ಪದ್ಧತಿ ಇದೆ. ಆ ಕಾಗದವನ್ನು ಮಗುವಿನ ಡಯಾಪರ್ ಪ್ಯಾಕೆಟ್ಟಿನ ಕೆಳಗೆ ಬಚ್ಚಿಟ್ಟು ನನ್ನ ಹತ್ತಿರ ಬಂದರು.

ಎರಡು ಭೇಟಿ ಬರೀ ಹೆದರಿಕೆಯಲ್ಲಿ ಕಳೆಯಿತು. ಗಂಡನಿಗೆ ಗೊತ್ತಾದರೆ, ಅತ್ತೆಗೆ ಗೊತ್ತಾದರೆ. ಮೂರನೇ ಸಲ ನಾನು ಸುಮ್ನೆ ಒಂದು ಮಾತು ಕೇಳಿದೆ. "ಕಾಗದದಲ್ಲಿ 'ತಾಯಿ' ಅಂತ ಓದಿದಾಗ ಯಾರ ಮುಖ ಕಣ್ಣೆದುರಿಗೆ ಬಂತು?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಬಾಡಿಗೆಗೆ ಬರುವವರದು."

ಒಕುಯಿಝೊಮೆಯ ದಿನ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ನೋಡುವವರು ಯಾರೂ ಇಲ್ಲದಾಗ, ಆ ಹೆಂಗಸು ಮೆಲ್ಲಗೆ "ಸೊರಗಿದ್ದೀಯ, ಸರಿಯಾಗಿ ತಿನ್ನುತ್ತಿದ್ದೀಯಾ?" ಅಂದರಂತೆ. ಬರೆದುಕೊಟ್ಟ ಮೂರು ಪುಟದಲ್ಲಿ ಆ ಮಾತಿರಲಿಲ್ಲ. "ಮದುವೆಯಲ್ಲಿ ಕಾಗದ ಓದಿದ್ದೂ ಅವರಿಗೇ. ನನ್ನ ಜೀವನದಲ್ಲಿ ಅಮ್ಮ ಅಂತ ಬರೆದಿದ್ದು ಅದೊಂದೇ. ಆದರೆ ಅವರ ನಿಜವಾದ ಹೆಸರೇನು ಅಂತ ನನಗೆ ಗೊತ್ತಿಲ್ಲ." ಅಲ್ಲಿಯವರೆಗೆ ಅಳದವರು ಈ ಮಾತಿಗೆ ಅತ್ತರು. ಸುಳ್ಳು ಬಯಲಾಗುವ ಭಯವೊಂದೇ ಇವರನ್ನು ಕಾಡುತ್ತಿದೆ ಅಂದುಕೊಂಡಿದ್ದೆ. ಬಯಲಾದರೆ ಆ ಹೆಂಗಸು ಮತ್ತೆ ಬರುವುದಿಲ್ಲ ಅನ್ನುವ ಭಯವೂ ಅಷ್ಟೇ ಇತ್ತು, ನನಗೆ ಅದು ಕಂಡಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಗಂಡನಿಗೆ ಈ ವಾರವೇ ಹೇಳಿ. ಗಂಡನಿಗೆ ಮಾತ್ರ, ಅತ್ತೆ ಮಾವನಿಗೆ ಈಗಲೇ ಬೇಡ. ಕಾಗದ ಗಂಡನ ಕೈಗೆ ಸಿಕ್ಕಿ ವಿಷಯ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ. ಕಚೇರಿಗೆ ಫೋನ್ ಮಾಡಿ ಹೊಡೆತದ ವಿಷಯ, ಸಂಪರ್ಕ ಇಲ್ಲದ ವಿಷಯ ತಿಳಿಸಿ. ಹಿಂಸೆ ಇದ್ದಲ್ಲಿ, ಹತ್ತು ವರ್ಷದಷ್ಟು ಸಂಪರ್ಕ ಇಲ್ಲದಿದ್ದಲ್ಲಿ ಮನೆಯವರನ್ನು ಕೇಳಬೇಕಾಗಿಲ್ಲ ಅಂತ 2021ರಲ್ಲಿ ಸರಕಾರವೇ ಸೂಚನೆ ಕೊಟ್ಟಿದೆ. ಮಗಳು ಆಗುವುದಿಲ್ಲ ಅಂದ ಮಾತ್ರಕ್ಕೆ ಅಮ್ಮನ ಅರ್ಜಿ ಬಿದ್ದುಹೋಗುವುದಿಲ್ಲ.

"ಎಷ್ಟಾದರೂ ಹೆತ್ತವಳು, ಹೋಗಿ ನೋಡು ಅಂತ ಯಾಕೆ ಹೇಳಲಿಲ್ಲ?" ಅಂತ ನಮ್ಮವರೇ ಕೇಳುತ್ತಾರೆ, ಕೇಳಿದ್ದಾರೆ ಕೂಡ. ಹೊಡೆಸಿಕೊಂಡ ಮಗುವಿಗೆ ಆ ಮಾತನ್ನು ನಾನು ಹೇಳುವುದಿಲ್ಲ. ಹೋಗಬೇಕು ಅಂತ ಅವರಿಗೇ ಅನಿಸಿದ ದಿನ ನಾನು ಜೊತೆಗಿರುತ್ತೇನೆ.

ಇನ್ನೊಂದು ಸಲಹೆ ಕೊಟ್ಟೆ. ಗಂಡನಿಗೆ ಹೇಳಿದ ಮೇಲೆ ಆ ಹೆಂಗಸನ್ನು ಕೊನೆಯದಾಗಿ ಒಮ್ಮೆ ಕರೆಸಿ, ಪಾತ್ರ ಬೇಡ, ಸುಮ್ನೆ ಕೂತು ಥ್ಯಾಂಕ್ಸ್ ಹೇಳಿ ಅಂತ. ಜೊತೆಗೆ ಕೆಲಸ ಮಾಡುವವರೊಬ್ಬರು ಇದನ್ನು ಒಪ್ಪಲಿಲ್ಲ. ಸುಳ್ಳಿಗೆ ಮತ್ತೆ ದುಡ್ಡು ಕೊಡಿಸಿದೆ ಅಂದರು. ನನಗೆ ಹಾಗನಿಸುವುದಿಲ್ಲ. ದುಡ್ಡು ಕೊಟ್ಟಿದ್ದು ಅಮ್ಮನ ವೇಷಕ್ಕೆ. ತಿನ್ನುತ್ತಿದ್ದೀಯಾ ಅಂತ ಕೇಳಿದ್ದು ಅದರಾಚೆಯದು, ಅದು ಆ ಮಗಳಿಗೆ ನಿಜವಾಗಿಯೂ ಸಿಕ್ಕಿದೆ. ಸಿಕ್ಕಿದ್ದನ್ನು ಕಳೆದುಕೊಳ್ಳುವಾಗ ಒಂದು ವಿದಾಯ ಬೇಕು. ಅದಿಲ್ಲದೆ ನಿಲ್ಲಿಸಿದ್ದರೆ ಇವರು ಇನ್ನೊಂದು ಕಂಪನಿಗೆ ಫೋನ್ ಮಾಡುತ್ತಿದ್ದರು, ಹಾಗಾಗಿದ್ದನ್ನು ಹಿಂದೆ ಕಂಡಿದ್ದೇನೆ.

ಇಂಥದ್ದನ್ನು ಯೋಚಿಸುತ್ತಿರುವವರಿಗೆ ಒಂದೇ ವಿನಂತಿ. ಮದುವೆಗೆ ನಾಲ್ಕು ಜನ ಗೆಳೆಯರು ಕಡಿಮೆ ಬಿದ್ದರು ಅಂತ ಕರೆಸುವುದು ಬೇರೆ, ಅವರು ಊಟ ಮಾಡಿ ಹೋಗುತ್ತಾರೆ. ಅಮ್ಮ ಹೋಗುವುದಿಲ್ಲ. ಅಮ್ಮ ಅಜ್ಜಿಯಾಗುತ್ತಾಳೆ, ಹಬ್ಬಕ್ಕೆ ಬರಬೇಕಾಗುತ್ತದೆ, ಕಾಯಿಲೆ ಬಿದ್ದರೆ ಬೀಗರು ನೋಡಲು ಹೊರಡುತ್ತಾರೆ, ಒಂದು ದಿನ ಸಾಯಲೂ ಬೇಕಾಗುತ್ತದೆ. ಮದುವೆಯಾಗುವವರೊಬ್ಬರಿಗಾದರೂ ಮುಂಚೆಯೇ ನಿಜ ಹೇಳಿ, ಆಮೇಲೆ ಇಬ್ಬರೂ ಸೇರಿ ಏನು ಮಾಡುತ್ತೀರೋ ಮಾಡಿ.

ಇವರು ಗಂಡನಿಗೆ ಹೇಳಿದರು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ನನ್ನ ಮಗುವನ್ನು ಎತ್ತಿಕೊಂಡಿದ್ದು ಯಾರು?" ಅಂತ ಕೇಳಿದರಂತೆ. ಅದಕ್ಕೆ ಉತ್ತರ ಇವರಲ್ಲೂ ಇರಲಿಲ್ಲ. ಕೊನೆಯ ಭೇಟಿಗೆ ಇಬ್ಬರೂ ಹೋಗಿದ್ದರು. ಕಂಪನಿಯ ನಿಯಮ, ಆ ಹೆಂಗಸು ಹೆಸರು ಹೇಳಲಿಲ್ಲ.

ನವೆಂಬರಿನಲ್ಲಿ ಮಗುವಿನ ಮೂರನೇ ವರ್ಷದ ಶಿಚಿಗೋಸಾನ್, ಅಂದರೆ ಮೂರು, ಐದು, ಏಳು ವರ್ಷದ ಮಕ್ಕಳಿಗೆ ಮಾಡುವ ಹಬ್ಬ. ಅತ್ತೆ ಮಾವ ಬರುತ್ತಾರೆ, ಬೀಗಿತ್ತಿ ಎಲ್ಲಿ ಅಂತ ಕೇಳುತ್ತಾರೆ. ಏನು ಹೇಳುವುದು ಅಂತ ಗಂಡ ಹೆಂಡತಿ ಇನ್ನೂ ಮಾತಾಡಿಕೊಳ್ಳುತ್ತಿದ್ದಾರೆ.