ಜರ್ಮನಿಗೆ ಯಾಕೆ ಈ ಉಸಾಬರಿ?

ಪತ್ರ: ಸಿರಿಯಾದವರು ಸಿರಿಯಾದವರಿಗೇ ಕೊಟ್ಟ ಚಿತ್ರಹಿಂಸೆಗೆ ಜರ್ಮನಿಯ ಕೋರ್ಟು ಶಿಕ್ಷೆ ಕೊಡುವುದು ಸರಿಯೇ? ಅದಕ್ಕೆಂದೇ ಹೇಗ್‌ನಲ್ಲಿ ಅಂತಾರಾಷ್ಟ್ರೀಯ ಅಪರಾಧ ಕೋರ್ಟು ಇದೆಯಲ್ಲ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅಳುಕು ಸುಳ್ಳಲ್ಲ. ಬಲವಾದ ದೇಶ ತನಗೆ ಬೇಕಾದವರನ್ನು ಬಿಟ್ಟು ಬೇಡದವರನ್ನಷ್ಟೇ ಹಿಡಿಯಬಹುದು. ಆದರೆ ಹೇಗ್ ಕಡೆ ಕೈ ತೋರಿಸಿ ಸುಮ್ಮನಾದಿರಲ್ಲ, ನಿಮ್ಮಂಥ ಹಳೇ ಓದುಗರು ಹಾಗೆ ಮಾಡಬಾರದಿತ್ತು. ಸಿರಿಯಾ ಆ ಕೋರ್ಟಿನ ಸದಸ್ಯ ದೇಶವಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೂಲಕ ಕೇಸನ್ನು ಅದಕ್ಕೆ ಒಪ್ಪಿಸೋಣವೆಂದರೆ 2014ರ ಮೇನಲ್ಲಿ ರಷ್ಯಾ, ಚೀನಾ ವೀಟೊ ಹಾಕಿದವು. ನೊಂದವರು ಇನ್ಯಾರ ಬಾಗಿಲು ತಟ್ಟಬೇಕಿತ್ತು ಹೇಳಿ?

ಜರ್ಮನಿ ಶಿಕ್ಷೆ ಕೊಟ್ಟವರಲ್ಲೊಬ್ಬ ಅನ್ವರ್ ರಸ್ಲಾನ್. ಅವನು ಸಿರಿಯಾದ ರಾಜಧಾನಿ ಡಮಾಸ್ಕಸ್‌ನ ಅಲ್-ಖತೀಬ್ ಬಂಧನ ಕೇಂದ್ರದಲ್ಲಿ ವಿಚಾರಣೆ ವಿಭಾಗದ ಮುಖ್ಯಸ್ಥನಾಗಿದ್ದವನು. 2014ರಲ್ಲಿ ಜರ್ಮನಿಗೆ ಬಂದ. ಮರುವರ್ಷ ಬರ್ಲಿನ್ ಪೊಲೀಸರ ಬಳಿ ತಾನೇ ಹೋಗಿ, ಯಾರೋ ನನ್ನ ಬೆನ್ನು ಬಿದ್ದಿದ್ದಾರೆ ಅಂದ. ಹಳೇ ಕೆಲಸದ ವಿಷಯವನ್ನೂ ಹೇಳಿಕೊಂಡ. ಅದೇ ಊರಿನಲ್ಲಿ ಸಿರಿಯಾದ ವಕೀಲ ಅನ್ವರ್ ಅಲ್-ಬುನ್ನಿಯವರು ಅವನನ್ನು ಕಣ್ಣಾರೆ ಕಂಡಿದ್ದರು. 2006ರಲ್ಲಿ ತಮ್ಮನ್ನು ಹಿಡಿದುಕೊಂಡು ಹೋದವನು ಇವನೇ ಎನ್ನುತ್ತಾರೆ ಅವರು. ಹಿಂಸಿಸಿದವನೂ ಹಿಂಸೆ ತಿಂದವರೂ ಒಂದೇ ದೇಶದಲ್ಲಿ ಆಶ್ರಯ ಪಡೆದಿರುವಾಗ ಜರ್ಮನಿ ಕಣ್ಣು ಮುಚ್ಚಿ ಕೂರಬೇಕಿತ್ತೇ? 2022ರ ಜನವರಿ 13ರಂದು ಜರ್ಮನಿಯ ಕೋಬ್ಲೆನ್ಜ್ ನಗರದ ಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಾನವತೆಯ ವಿರುದ್ಧದ ಅಪರಾಧ ಎಂದೇ ತೀರ್ಪಿನಲ್ಲಿ ಬರೆಯಿತು.

ಆ ಕೋರ್ಟನ್ನೂ ನಾನು ಸುಮ್ನೆ ಹೊಗಳುವುದಿಲ್ಲ. ಕಲಾಪ ಜರ್ಮನ್‌ನಲ್ಲಿ ನಡೆಯಿತು. ಗ್ಯಾಲರಿಯಲ್ಲಿ ಕೂತ ಸಿರಿಯಾದವರಿಗೆ ಅರಬ್ಬಿ ಅನುವಾದ ಕೇಳಿಸುವ ಏರ್ಪಾಡೇ ಇರಲಿಲ್ಲ. ಮಾನ್ಯತೆ ಪಡೆದ ಅರಬ್ಬಿ ಪತ್ರಕರ್ತರಿಗಾದರೂ ಕೊಡಿ ಎಂದು ಸಂವಿಧಾನ ಕೋರ್ಟು ಹೇಳಬೇಕಾಯಿತು. ಅದನ್ನು ಓದಿದಾಗ ನಮ್ಮಜ್ಜಿ ನೆನಪಾದಳು. ಜಮೀನಿನ ಕೇಸಿನ ಇಂಗ್ಲಿಷ್ ತೀರ್ಪನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೆದ್ದೆವೋ ಸೋತೆವೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ಕೇಳಿದ್ದಳು.

ಜರ್ಮನಿಗೆ ಯಾಕೆ ಉಸಾಬರಿ ಅಂತ ಕೇಳುವುದಕ್ಕಿಂತ, ನಮಗೆ ಯಾಕೆ ಇಷ್ಟು ಉದಾಸೀನ ಅಂತ ಕೇಳಿ. ನರಮೇಧ ತಡೆಯುವ ಒಪ್ಪಂದವನ್ನು ಭಾರತ 1959ರಲ್ಲೇ ಅನುಮೋದಿಸಿದೆ. ಆದರೂ ಕಾನೂನು ಮಾಡಿಲ್ಲ. 1984ರ ಸಿಖ್ಖರ ಹತ್ಯೆಯ ಒಂದು ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಎತ್ತಿ ಹೇಳಿತು. ನರಮೇಧವಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ಕಾನೂನಿನಲ್ಲಿಲ್ಲ, ಈ ಕೊರತೆ ಬೇಗ ನೀಗಬೇಕು ಎಂದಿತು. ಅದು 2018ರ ಡಿಸೆಂಬರ್. 2024ರ ಜುಲೈನಲ್ಲಿ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆಸೆಯಿಂದ ಪುಟ ತಿರುವಿದೆ. ಎರಡೂ ಅದರಲ್ಲಿ ಇಲ್ಲ.