ನಾಲ್ಕನೇ ಮಹಡಿಗೆ ಅರ್ಥಿಂಗ್ ಎಲ್ಲಿಂದ ತರೋದು?

ಪ್ರಶ್ನೆ: ನಮ್ಮದು ಮುಂಬೈನ ಮಾಟುಂಗದಲ್ಲಿ 1962ರ ಕಟ್ಟಡ, ನಾಲ್ಕನೇ ಮಹಡಿ, ಪಗಡಿ ಮನೆ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೇ ಬಾಡಿಗೆ ಮನೆ). ಮಳೆ ಶುರುವಾದ ಮೇಲೆ ಫ್ರಿಜ್ ಬಾಗಿಲು ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು, ಮನೆಗೆ ಅರ್ಥಿಂಗೇ ಇಲ್ಲ ಎಂದ. ಆಮೇಲೆ ಸಾಕೆಟ್ ಬಿಚ್ಚಿ ಬೆರಳುದ್ದದ ಒಂದು ವೈರ್ ಸಿಕ್ಕಿಸಿ, ‘ಹೋ ಗಯಾ ಆಂಟಿ’ ಅಂತ ದುಡ್ಡು ತಗೊಂಡು ಹೋದ. ಜುಮ್ ನಿಂತಿದೆ. ಆದರೆ ಹೊಸ ವೈರ್ ಎಳೆಯದೇ ಅರ್ಥಿಂಗ್ ಹೇಗೆ ಬಂತು?
– ಓದುಗರು, ಮಾಟುಂಗ

ಉತ್ತರ: ಬಂದೇ ಇಲ್ಲ. ಅರ್ಥಿಂಗ್ ಅಂದರೆ ಫ್ರಿಜ್‌ನಂಥ ವಸ್ತುವಿನ ಮೈಗೆ ತಪ್ಪಿ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಅವನು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಮೇಲಿನ ದಪ್ಪ ತೂತಿಗೆ, ಅಂದರೆ ಅರ್ಥ್‌ನ ಜಾಗಕ್ಕೆ, ಲೂಪ್ ಕೊಟ್ಟಿದ್ದಾನೆ. ಈ ಊರಿನ ಹಳೇ ಬಿಲ್ಡಿಂಗ್‌ಗಳಲ್ಲಿ ಈ ಕೆಲಸ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ಅದನ್ನು ತೆಗೆಸಿ. ನಾಳೆ ಅನ್ನಬೇಡಿ. ಅಲ್ಲಿಯವರೆಗೆ ಫ್ರಿಜ್ ಪ್ಲಗ್ ಕಿತ್ತಿಡಿ.

ಯಾಕೆ ಅಂದರೆ, ಈಗ ನಿಮ್ಮ ಫ್ರಿಜ್‌ನ ತಗಡಿನ ಮೈ ನೇರವಾಗಿ ನ್ಯೂಟ್ರಲ್‌ಗೆ ಸೇರಿಕೊಂಡಿದೆ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಅರವತ್ತು ವರ್ಷದ ವೈರಿಂಗ್‌ನಲ್ಲಿ, ಮಳೆಗಾಲದ ತೇವದಲ್ಲಿ, ಎಲ್ಲೋ ಒಂದು ಕಡೆ ನ್ಯೂಟ್ರಲ್ ಸ್ಕ್ರೂ ಸಡಿಲವಾದರೆ ಸಾಕು, ಫೇಸ್‌ನಿಂದ (ಕರೆಂಟ್ ತರುವ ವೈರ್) ಬಂದ ಕರೆಂಟ್ ಫ್ರಿಜ್‌ನ ಮೋಟಾರಿನೊಳಗೆ ಹೊಕ್ಕು ವಾಪಸ್ ಹೋಗಲು ದಾರಿ ಸಿಗದೆ ಆ ಲೂಪ್ ಹಿಡಿದು ಬಾಗಿಲಿಗೇ ಬಂದು ನಿಲ್ಲುತ್ತದೆ. ಫ್ರಿಜ್ ಕೆಟ್ಟಿಲ್ಲ, ಆದರೂ ಹಿಡಿಯಲ್ಲಿ 230 ವೋಲ್ಟ್. ಇನ್ನು ಯಾರಾದರೂ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರಂತೂ ಏನೂ ಕೆಡುವುದೇ ಬೇಡ, ಬಾಗಿಲು ನೇರ ಫೇಸ್‌ಗೇ ಸೇರಿಬಿಡುತ್ತದೆ. ಅರ್ಥಿಂಗ್ ಇಲ್ಲದ ಮನೆಗಿಂತ ಇದು ಕೆಟ್ಟದ್ದು.

ಅರ್ಥ್ ವೈರನ್ನು ನೀರಿನ ಪೈಪಿಗೆ ಕಟ್ಟಿ ಅಂತ ಇನ್ನೊಬ್ಬ ಹೇಳುತ್ತಾನೆ. ಬೇಡವೇ ಬೇಡ. ಈಗ ಅರ್ಧ ಪೈಪ್ ಪ್ಲಾಸ್ಟಿಕ್, ಕರೆಂಟ್ ನೆಲಕ್ಕೆ ಇಳಿಯುವುದೇ ಇಲ್ಲ. ನಮ್ಮ ಹಳೇ ಮನೆಯಲ್ಲಿ ಮೇಲಿನವರು ಹೀಗೆ ಮಾಡಿಕೊಂಡಿದ್ದರು. ಅವರ ಗೀಸರ್ ಕೆಟ್ಟ ದಿನ ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ಮುಟ್ಟಿದ ನಾನು ಹೊರಗೆ ಓಡಿಬಂದೆ!

ಹಾಗಾದರೆ ಏನು ಮಾಡಬೇಕು? ಮೀಟರ್ ಆದಮೇಲೆ, ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿ. ಅಂಗಡಿಯಲ್ಲಿ ಈಗಲೂ ಇಎಲ್‌ಸಿಬಿ ಅಂತಲೇ ಕೇಳುತ್ತಾರೆ, ಪರವಾಗಿಲ್ಲ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಕಡಿಮೆ ಬಂದರೆ ಮಿಕ್ಕದ್ದು ಯಾರದೋ ಮೈಮೂಲಕ ಹೋಗುತ್ತಿರಬಹುದು, ತಕ್ಷಣ ಟ್ರಿಪ್, ಅಂದರೆ ತಾನೇ ಬಿದ್ದು ಕರೆಂಟ್ ಕಡಿದುಹಾಕುತ್ತದೆ. ಇದಕ್ಕೆ ಅರ್ಥಿಂಗ್ ಬೇಕೇಬೇಕು ಅಂತಿಲ್ಲ. ಆದರೆ ಅರ್ಥಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಅದಕ್ಕೆ ಗೊತ್ತಾಗೋದು. ಅರ್ಥಿಂಗ್ ಇದ್ದರೆ ಫ್ರಿಜ್‌ನ ಮೈಗೆ ಕರೆಂಟ್ ಬಂದ ಕೂಡಲೇ ಟ್ರಿಪ್ ಆಗುತ್ತದೆ, ನಿಮ್ಮ ಕೈ ನಡುವೆ ಬರುವುದಿಲ್ಲ. ಎಂಸಿಬಿ (ಕರೆಂಟ್ ಮಿತಿಮೀರಿದರೆ ಬೀಳುವ ಸ್ವಿಚ್) ಇದೆಯಲ್ಲ ಅನ್ನಬೇಡಿ, ಅದು ವೈರ್ ಸುಡದಂತೆ ಕಾಯುತ್ತದೆ, ಮನುಷ್ಯರನ್ನಲ್ಲ. ತಂತಿ ಕಟ್ಟುವ ಹಳೇ ಕಿಟ್‌ಕ್ಯಾಟ್ ಫ್ಯೂಸ್ ಇನ್ನೂ ಇದ್ದರೆ ಎಂಸಿಬಿಯೂ ಜೊತೆಯಲ್ಲೇ ಬರಲಿ. ಹಾಕಿದ ಕೂಡಲೇ ಪದೇಪದೇ ಟ್ರಿಪ್ ಆದರೆ ಆರ್‌ಸಿಸಿಬಿಯನ್ನು ಬೈದು ತೆಗೆಸಬೇಡಿ, ಎಲ್ಲೋ ಕರೆಂಟ್ ಲೀಕ್ ಇದೆ ಅಂತ ಹೇಳುತ್ತಿದೆ, ಅಷ್ಟೆ. ಅದರ ಮೇಲಿನ ‘ಟಿ’ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ನಿಜವಾದ ಅರ್ಥಿಂಗ್ ನೆಲದಿಂದಲೇ ಬರಬೇಕು. ಕೆಳಗೆ ಮೀಟರ್ ರೂಮಿನ ಹತ್ತಿರ ಗುಂಡಿ ತೋಡಿ, ಕನಿಷ್ಠ ಎರಡೂವರೆ ಮೀಟರ್‌ನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬುತ್ತಾರೆ. ಅಲ್ಲಿಂದ ಒಂದು ಲೈನ್ ಮೆಟ್ಟಿಲ ಪಕ್ಕ ಮೇಲಕ್ಕೆ ಹತ್ತಿಸಿದರೆ ಎಲ್ಲ ಮಹಡಿಯವರೂ ಅದರಿಂದ ತಗೋಬಹುದು. ಮಾಲೀಕರ ಒಪ್ಪಿಗೆ ಬೇಕು, ಅಕ್ಕಪಕ್ಕದವರನ್ನೂ ಸೇರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಮನೆಯೊಳಗೆ ಗೋಡೆ ಒಡೆಯುವುದು ಬೇಡ, ಪಿವಿಸಿ ಪಟ್ಟಿಯೊಳಗೆ ಹಸಿರು ವೈರ್ ಎಳೆಸಿ. ಎಲ್ಲ ಸಾಕೆಟ್‌ಗೂ ಒಂದೇ ಸಲ ಆಗದಿದ್ದರೆ ಗೀಸರ್, ಫ್ರಿಜ್, ವಾಷಿಂಗ್ ಮಷೀನ್ ಮೊದಲು.

ಕೆಲಸ ಮುಗಿದ ಮೇಲೆ ಮತ್ತೆ ಲೂಪ್ ಕೊಟ್ಟಿಲ್ಲ ಅಂತ ತಿಳಿಯೋದು ಹೇಗೆ? ಎಲೆಕ್ಟ್ರಿಷಿಯನ್ ಕೈಯಲ್ಲೇ ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವಾಟಿನ ಹಳೇ ಬಲ್ಬ್ ಹಿಡಿಸಿ. ನೀವು ಮಾಡಬೇಡಿ. ಅರ್ಥಿಂಗ್ ನಿಜವಾದರೆ ಆರ್‌ಸಿಸಿಬಿ ಟಕ್ ಅಂತ ಬೀಳಬೇಕು. ಬಲ್ಬ್ ಆರಾಮಾಗಿ ಉರಿಯುತ್ತಲೇ ಇದ್ದರೆ ದುಡ್ಡು ಕೊಡುವ ಮುಂಚೆ ಸಾಕೆಟ್ ಬಿಚ್ಚಿಸಿ.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಎಲ್ಲ ಎರಡು ತೂತಿನ ಸಾಕೆಟ್. ಇಸ್ತ್ರಿಪೆಟ್ಟಿಗೆಯ ಉದ್ದ ಪಿನ್ ಕತ್ತರಿಸಿ ಹಾಕಬಹುದಾ?
– ಓದುಗರು, ಪುಣೆ

ಉತ್ತರ: ಆ ಪಿನ್ ಸುಮ್ನೆ ಉದ್ದ ಮಾಡಿಲ್ಲ. ಪ್ಲಗ್ ಒಳಗೆ ಹೋಗುವಾಗ ಮೊದಲು ಅರ್ಥ್ ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತ. ಕತ್ತರಿಸಬೇಡಿ. ಇಸ್ತ್ರಿಯ ತಳ ಪೂರ್ತಿ ಲೋಹ, ಕೈ ಒದ್ದೆ, ಬಟ್ಟೆ ಒದ್ದೆ. ಮನೆ ಓನರ್ ಅರ್ಥಿಂಗ್ ಇರುವ ಮೂರು ತೂತಿನ ಸಾಕೆಟ್, ಆರ್‌ಸಿಸಿಬಿ ಹಾಕಿಸದಿದ್ದರೆ ಬಟ್ಟೆ ಕೆಳಗಿನ ಇಸ್ತ್ರಿಯವನಿಗೇ ಕೊಡಿ.